ಒಂದು ಲೋಟ ನೀರು

2022ರ ಆಷಾಢದಲ್ಲಿ, ಒಂದೇ ವಾರದೊಳಗೆ, ಇಬ್ಬರು ನನಗೆ ಒಂದೇ ಪ್ರಶ್ನೆ ಕೇಳಿದರು. ಕೇಳಿದ ರೀತಿ ಬೇರೆ, ಕೇಳಿದವರ ಮನಸ್ಸೂ ಬೇರೆ. ಪ್ರಶ್ನೆ ಮಾತ್ರ ಒಂದೇ.

ಮೊದಲನೆಯವನು ನನ್ನ ಹಳೆಯ ವಿದ್ಯಾರ್ಥಿ. ಚಾಮರಾಜನಗರದ ಚಾಮರಾಜೇಶ್ವರನ ತೇರು ಆಷಾಢದಲ್ಲೇ ನಡೆಯುವುದು ನಿಮಗೆ ಗೊತ್ತಿರಬಹುದು. ಬೇರೆ ಕಡೆ ಆಷಾಢದಲ್ಲಿ ಹೊಸ ಮದುಮಕ್ಕಳನ್ನು ದೂರ ಇಟ್ಟರೆ ನಮ್ಮ ಕಡೆ ಅವರನ್ನು ಜೊತೆಯಾಗಿಯೇ ತೇರಿಗೆ ಕರೆತರುತ್ತಾರೆ. 2017ರಲ್ಲಿ ಹಳೆಯ ತೇರಿಗೆ ಬೆಂಕಿ ಬಿದ್ದ ಮೇಲೆ ನಿಂತುಹೋಗಿದ್ದ ಉತ್ಸವ ಆ ವರ್ಷ ಮತ್ತೆ ನಡೆದಿತ್ತು. ಜನವೋ ಜನ. ಹೂವಿನ ಅಂಗಡಿಯ ಮುಂದೆ ನಿಂತಿದ್ದೆ. ಒಬ್ಬ ಗಂಡಸು ಬಂದು ಕಾಲಿಗೆ ನಮಸ್ಕಾರ ಮಾಡಿದ. ಹರದನಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿ ಅಳುತ್ತಿದ್ದ ಹುಡುಗ. ಈಗ ಕೂದಲು ನರೆಯುವ ವಯಸ್ಸು. ತಮ್ಮನ ಹೊಸ ಜೋಡಿಯನ್ನು ತೇರಿಗೆ ಕರೆತಂದಿದ್ದ. ಅದೂ ಇದೂ ಮಾತಾಡಿ ಹೊರಡುವಾಗ ಅರ್ಧ ನಗುತ್ತ, ಅರ್ಧ ಸಂಕೋಚದಿಂದ ಕೇಳಿದ: "ಟೀಚರ್, ಬೇಜಾರ್ ಮಾಡ್ಕಬೇಡಿ. ಹನ್ನೆರಡು ವರ್ಷ ನಮ್ಮೂರಲ್ಲಿದ್ರಿ. ಒಬ್ಬರನ್ನಾದರೂ ನಿಮ್ಮ ಕಡೆಗೆ ಸೇರಿಸಿದ್ರಾ?"

ಮತಾಂತರದ ಕಾಯ್ದೆಯ ಮಾತು ಟೀ ಅಂಗಡಿಗಳಲ್ಲೂ ನಡೆಯುತ್ತಿದ್ದ ಕಾಲ ಅದು. ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದಿತ್ತು. ಸೆಪ್ಟೆಂಬರಿನಲ್ಲಿ ವಿಧಾನ ಪರಿಷತ್ತಿನಲ್ಲೂ ಅಂಗೀಕಾರವಾಯಿತು. ಹುಡುಗ ಕೆಟ್ಟವನಲ್ಲ. ಸುತ್ತಲಿನವರ ಮಾತು ಕಿವಿಗೆ ಬಿದ್ದಿತ್ತು, ಅಷ್ಟೆ. "ಇಲ್ಲಪ್ಪ, ನಿನಗೆ ಏಳರ ಮಗ್ಗಿ ಕಲಿಸೋಕೇ ನನ್ನ ಆಯುಸ್ಸು ಮುಗೀತು" ಎಂದೆ. ಅವನೂ ನಕ್ಕ.

ಎರಡನೆಯವರು ಹೊರಗಿನಿಂದ ಬಂದಿದ್ದ ಒಬ್ಬ ಯುವ ಗುರುಗಳು. ಆ ಭಾನುವಾರದ ಪೂಜೆಯಲ್ಲಿ ಪ್ರಸಂಗ ಮಾಡುತ್ತ, "ನಿಮ್ಮ ಜೀವಮಾನದಲ್ಲಿ ಎಷ್ಟು ಜನರಿಗೆ ಯೇಸುವನ್ನು ಹಂಚಿದ್ದೀರಿ? ಬೆರಳೆಣಿಸಿ ನೋಡಿ" ಎಂದರು. ಪಕ್ಕದ ಬೆಂಚಿನ ಹೆಂಗಸರು ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಬೆರಳು ಮಡಿಸಲು ನನ್ನಲ್ಲಿ ಒಂದು ಹೆಸರೂ ಇರಲಿಲ್ಲ.

ಒಬ್ಬನಿಗೆ ಸೊನ್ನೆ ಎಂದರೆ ಸಮಾಧಾನ, ಇನ್ನೊಬ್ಬರಿಗೆ ಸೊನ್ನೆ ಎಂದರೆ ದುಃಖ. ನನಗೆ ಮಾತ್ರ ಅಂದು ಮನೆಗೆ ಬಂದ ಮೇಲೆ ಅಡುಗೆಯ ಮೇಲೆ ಮನಸ್ಸು ನಿಲ್ಲಲಿಲ್ಲ. ನೀರು ಕುಡಿಯಲೆಂದು ಲೋಟ ಕೈಗೆತ್ತಿಕೊಂಡವಳು ಹಾಗೆಯೇ ನಿಂತುಬಿಟ್ಟೆ. ನನಗೆ ನೀರಿನ ಲೋಟದೊಂದು ಹಳೆಯ ಲೆಕ್ಕ ಇದೆ. ಅದನ್ನು ಇದುವರೆಗೆ ಮೂವರಿಗೆ ಮಾತ್ರ ಹೇಳಿದ್ದೇನೆ. ಈಗ ನಿಮಗೆ ಹೇಳುತ್ತೇನೆ.

ನಾನು ಕೊಳ್ಳೇಗಾಲದ ಕಡೆಯ ಒಂದು ಕ್ರೈಸ್ತ ಕೇರಿಯಲ್ಲಿ ಹುಟ್ಟಿ ಬೆಳೆದವಳು. ಅಪ್ಪ ರೇಷ್ಮೆ ಹುಳು ಸಾಕುತ್ತಿದ್ದರು. ಅವ್ವ ಮಿಷನ್ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಳು. ಓದು ಬರಹ ಇಲ್ಲದಿದ್ದರೂ ಜಪಸರದ ರಹಸ್ಯಗಳು, ಸಂತರ ಹಬ್ಬಗಳು ಎಲ್ಲ ಬಾಯಿಪಾಠ. ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ ಡೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ನಮ್ಮನ್ನೆಲ್ಲ ಎಳೆದುಕೊಂಡು ಹೋಗುತ್ತಿದ್ದಳು. ಅಲ್ಲಿ ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. "ನೋಡು, ಸಂತರು ಯಾರನ್ನೂ ನೀನು ಯಾವ ಜಾತಿ ಅಂತ ಕೇಳಲ್ಲ" ಎನ್ನುವುದು ಅವಳ ಪ್ರತಿವರ್ಷದ ಮಾತು.

1986ರಲ್ಲಿ ನನಗೆ ಹರದನಹಳ್ಳಿಯ ಶಾಲೆಗೆ ಕೆಲಸದ ಆರ್ಡರ್ ಬಂತು. ಚಾಮರಾಜನಗರದಿಂದ ಐದಾರು ಕಿಲೋಮೀಟರ್ ದೂರ. ಆಗ ಅದಿನ್ನೂ ಮೈಸೂರು ಜಿಲ್ಲೆ; ನಮ್ಮದೇ ಜಿಲ್ಲೆ ಆದದ್ದು 1997ರಲ್ಲಿ. ಬಸ್ಸಿಳಿದರೆ ಅರಿಸಿನದ ಹೊಲ, ಬಾಳೆಯ ತೋಟ, ಅವುಗಳಾಚೆ ದಿವ್ಯಲಿಂಗೇಶ್ವರನ ಗುಡಿಯ ಎತ್ತರದ ಗೋಪುರ. ಊರು ಸಣ್ಣದಾದರೂ ಹೆಸರು ಸಣ್ಣದಲ್ಲ. ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ್ದು ಇಲ್ಲೇ ಎಂದು ಊರಿನವರು ಅಭಿಮಾನದಿಂದ ಹೇಳುತ್ತಾರೆ. ಅವರ ಗುರುಗಳಾದ ಗೋಸಲ ಚನ್ನಬಸವೇಶ್ವರರ ಹೆಸರಂತೂ ಈ ಊರಿನ ಜೊತೆಗೇ ಸೇರಿಕೊಂಡಿದೆ.

ಹೊರಡುವಾಗ ಅವ್ವ ನನ್ನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, "ಬರೀ ಅಕ್ಷರ ಕಲಿಸಿ ಬಂದುಬಿಡಬೇಡ. ನಮ್ಮ ಸ್ವಾಮಿಯನ್ನೂ ನಾಲ್ಕು ಜನಕ್ಕೆ ತೋರಿಸು" ಎಂದಿದ್ದಳು. ತೋರಿಸುವುದು ಹೇಗೆ ಎಂದು ನಾನು ಕೇಳಲಿಲ್ಲ. ಇಪ್ಪತ್ತನಾಲ್ಕು ವರ್ಷದವಳಿಗೆ ಮೊದಲು ಬೇಕಾಗಿದ್ದದ್ದು ಒಂದು ಬಾಡಿಗೆ ಮನೆ.

ಅದು ಸುಲಭವಾಗಲಿಲ್ಲ. ಮೂರು ಮನೆಯವರು ಹೆಸರು ಕೇಳಿದ ಮೇಲೆ "ಮನೆ ಖಾಲಿ ಇಲ್ಲ" ಎಂದರು. ನಾಲ್ಕನೆಯ ಮನೆ ಒಬ್ಬ ವಿಧವೆ ತಾಯಿಯದು. ಲಿಂಗವಂತರು. ಹಿತ್ತಲ ಕಡೆ ಒಂದು ಕೋಣೆ, ಪಕ್ಕದಲ್ಲಿ ಒಂದು ಒಲೆ.

"ಯಾವ ಜನ ನೀವು?"

"ನಾವು ಕ್ರೈಸ್ತರು."

"ಅದು ಸರಿ ಕನವ್ವ. ಅದಕ್ಕೂ ಮುಂಚೆ?"

ನಾನು, "ನಮ್ಮ ಮುತ್ತಜ್ಜನ ಕಾಲದಿಂದ ಕ್ರೈಸ್ತರೇ, ಅದಕ್ಕೂ ಮುಂಚೆ ನನಗೆ ಗೊತ್ತಿಲ್ಲ" ಎಂದೆ. ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಅವರು ನನ್ನ ಮುಖವನ್ನೇ ನೋಡಿದರು. ಅವರಿಗೂ ಗೊತ್ತಾಯಿತೆಂದು ನನಗೆ ಗೊತ್ತಾಯಿತು. "ಬಾಡು ಬೇಯಿಸಂಗಿಲ್ಲ" ಎಂದರು. ಒಪ್ಪಿದೆ.

ಕೋಣೆ ಸಿಕ್ಕಿತು. ಆದರೆ ನೀರು ಮಾತ್ರ ಕೈಯಳತೆ ದೂರದಲ್ಲೇ ಉಳಿಯಿತು. ಹಿತ್ತಲಿನ ಬಾವಿಯ ಹಗ್ಗವನ್ನು ನಾನು ಮುಟ್ಟುವಂತಿರಲಿಲ್ಲ. ಬೆಳಿಗ್ಗೆ ನನ್ನ ಬಿಂದಿಗೆ ಕೆಳಗಿಟ್ಟು ನಿಂತುಕೊಂಡರೆ ದೊಡ್ಡವ್ವ ತಮ್ಮ ಕೊಡದಿಂದ ಎತ್ತಿ ಹುಯ್ಯುತ್ತಿದ್ದರು. ಬಿಂದಿಗೆಯ ಬಾಯಿಗೆ ಕೊಡ ತಾಗದಂತೆ ಎಷ್ಟು ಎಚ್ಚರ! ಅರ್ಧ ನೀರು ನೆಲಕ್ಕೆ, ನನ್ನ ಸೀರೆಯ ಅಂಚಿಗೆ. ಬೈದವರಲ್ಲ, ಅವಮಾನದ ಮಾತು ಒಂದೂ ಆಡಿದವರಲ್ಲ. "ಬುಡವ್ವ, ಊರೋರ ಬಾಯಿಗೆ ಯಾಕೆ ಬೀಳೋದು" ಎನ್ನುತ್ತಿದ್ದರು. ಆ ಒದ್ದೆ ಅಂಚನ್ನು ಹಿಂಡಿಕೊಳ್ಳುವಾಗ ನನಗೆ ದಿನವೂ ಅಳು ಬರುತ್ತಿತ್ತು. ಸ್ವಾಮಿಯನ್ನು ತೋರಿಸುವ ಮಾತು ಹಾಗಿರಲಿ, ನನ್ನ ಬಿಂದಿಗೆಯನ್ನೇ ಮುಟ್ಟದವರಿಗೆ ಏನು ತೋರಿಸಲಿ?

ಹೀಗೆ ಎರಡು ವರ್ಷ. ಒಂದೇ ಗೋಡೆಯ ಈಚೆ ಆಚೆ ಇಬ್ಬರೂ ನಮ್ಮ ನಮ್ಮ ದೇವರನ್ನು ನಂಬಿ ಬಾಳಿದೆವು. ಅವರು ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕೂರುತ್ತಿದ್ದರು. ಕಣ್ಣು ಆ ಅಂಗೈಯನ್ನು ಬಿಟ್ಟು ಅತ್ತಿತ್ತ ಹೋಗುತ್ತಿರಲಿಲ್ಲ. ನಾನು ಸಂಜೆ ದೀಪ ಹಚ್ಚಿ, ಕೋಣೆಯ ಬಾಗಿಲು ಸ್ವಲ್ಪ ಮುಂದೆ ಮಾಡಿ, ಜಪಸರ ಹೇಳುತ್ತಿದ್ದೆ. ಭಾನುವಾರ ಬೆಳಗಿನ ಬಸ್ಸಿಗೆ ನಗರದ ದೇವಾಲಯಕ್ಕೆ. ತಪಸ್ಸುಕಾಲದ ಶುಕ್ರವಾರ ಒಂದೇ ಹೊತ್ತು ಊಟ. "ಓ, ನಿಮ್ಮಲ್ಲೂ ಉಪಾಸ ಇದ್ದದಾ?" ಎಂದು ದೊಡ್ಡವ್ವ ಆಶ್ಚರ್ಯಪಟ್ಟಿದ್ದರು. ನಮ್ಮಲ್ಲಿ ಬರೀ ಕೇಕು, ಬ್ರಾಂದಿ ಎಂದೇ ಅವರ ತಿಳಿವಳಿಕೆ. ಕ್ರಿಸ್ಮಸ್ಸಿಗೆ ಅವ್ವ ಕೊಟ್ಟು ಕಳಿಸಿದ ಕಜ್ಜಾಯವನ್ನು ಅವರು ಕೈಮುಗಿದು ಬೇಡವೆಂದರು. ಮಾರನೆಯ ವರ್ಷ ಬುದ್ಧಿ ಬಂದಿತ್ತು. ಬಾಳೆಹಣ್ಣು, ಎಲೆ ಅಡಿಕೆ, ಕಲ್ಲುಸಕ್ಕರೆ ತಟ್ಟೆಯಲ್ಲಿಟ್ಟು ಕೊಟ್ಟೆ. ತೆಗೆದುಕೊಂಡರು.

1988ರ ಮಳೆಗಾಲ. ದೊಡ್ಡವ್ವನ ಮಗಳು ಬಾಣಂತನಕ್ಕೆ ಬಂದವಳು ಇನ್ನೂ ತವರಲ್ಲೇ ಇದ್ದಳು. ಕೂಸಿಗೆ ಐದು ತಿಂಗಳು. ಗಂಡು ಕೂಸು, ನೋಡಿದವರ ಕಡೆ ಎಲ್ಲ ನಗುತ್ತಿತ್ತು. ನಾನು ಶಾಲೆಯಿಂದ ಬರುವ ಸದ್ದಿಗೆ ಜಗಲಿಯ ಮೇಲಿನಿಂದಲೇ ಕಾಲು ಆಡಿಸುತ್ತಿತ್ತು. ನಾನು ದೂರದಿಂದ ಚಿಟಿಕೆ ಹಾಕಿ ನಗಿಸುತ್ತಿದ್ದೆ, ಎತ್ತಿಕೊಂಡಿರಲಿಲ್ಲ.

ಒಂದು ದಿನ ಕೂಸಿಗೆ ವಾಂತಿ ಭೇದಿ ಶುರುವಾಯಿತು. ಎರಡನೆಯ ದಿನ ನಗರಕ್ಕೆ ಕರೆದುಕೊಂಡು ಹೋಗಿ ಔಷಧಿ ತಂದರು. ಸಂಜೆಗೆ ಮತ್ತೆ ಹೆಚ್ಚಾಯಿತು. ಭೇದಿಯಾಗುವಾಗ ನೀರು ಕೊಟ್ಟರೆ ಇನ್ನೂ ಹೆಚ್ಚಾಗುತ್ತದೆ ಎಂದು ನೆರೆಹೊರೆಯ ಹೆಂಗಸರು ಹೇಳಿದರು. ನಮ್ಮ ಕೇರಿಯಲ್ಲೂ ಹಾಗೇ ಹೇಳುತ್ತಿದ್ದರು, ಆದ್ದರಿಂದ ನಾನೂ ಹೌದೆಂದೆ. ಈ "ಹೌದು" ಎಂದದ್ದನ್ನು ನಾನು ಮರೆಯಲಾರೆ.

ರಾತ್ರಿ ಹನ್ನೊಂದರ ಹೊತ್ತಿಗೆ ಮಳೆ ಜೋರಾಗಿತ್ತು. ದೊಡ್ಡವ್ವನ ಮಗ ಗಾಡಿ ಹುಡುಕಿಕೊಂಡು ಹೋಗಿದ್ದ. ಕೂಸಿನ ತಾಯಿ ಎರಡು ರಾತ್ರಿ ನಿದ್ದೆಗೆಟ್ಟು ಸುಸ್ತಾಗಿ ಗೋಡೆಗೊರಗಿ ಎಚ್ಚರ ತಪ್ಪಿದಂತೆ ಬಿದ್ದಿದ್ದಳು. ನನ್ನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ದೊಡ್ಡವ್ವ. ಕೈಯಲ್ಲಿ ಕೂಸು.

"ಕೂಸ ಹಿಡ್ಕವ್ವ. ಅಯ್ನೋರ ಕರ್ಕಂಡು ಬತ್ತೀನಿ."

ಎರಡು ವರ್ಷ ನನ್ನ ಬಿಂದಿಗೆ ಮುಟ್ಟದ ಕೈಗಳು ಆ ಕೂಸನ್ನು ನನ್ನ ಮಡಿಲಿಗೆ ಹಾಕಿದವು. ಗೋಣಿಚೀಲ ತಲೆಗೆ ಹೊದ್ದು ಮಳೆಯಲ್ಲಿ ಓಡಿದರು.

ನಾನು ಕೂಸನ್ನು ನೋಡಿದೆ. ಕಣ್ಣು ಗುಳಿ ಬಿದ್ದಿತ್ತು, ನೆತ್ತಿ ಒಳಗೆ ಇಳಿದಿತ್ತು, ತುಟಿ ಒಣಗಿ ಬಿರಿದಿತ್ತು. ಅಳುವುದಕ್ಕೂ ಶಕ್ತಿಯಿಲ್ಲ. ಇದು ಹೋಗುವ ಕೂಸು ಎಂದು ನನಗೆ ಅರ್ಥವಾಯಿತು. ಅರ್ಥವಾದ ಕ್ಷಣವೇ ಅವ್ವನ ನೆನಪೂ ಬಂತು.

ಅವ್ವ ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ, ಉಳಿಯುವ ಭರವಸೆ ಇಲ್ಲದ ಎಷ್ಟೋ ಕೂಸುಗಳಿಗೆ ಯಾರಿಗೂ ಹೇಳದೆ ಜ್ಞಾನಸ್ನಾನ ಕೊಟ್ಟಿದ್ದಳು. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವ ನೆಪದಲ್ಲಿ ಹಣೆಗೆ ನೀರು ಹುಯ್ದು, ಪಿತನ, ಸುತನ, ಪವಿತ್ರಾತ್ಮರ ಹೆಸರು ಹೇಳಿಬಿಡುತ್ತಿದ್ದಳು. ಹಿಂದಿನ ಕಾಲದ ಸಿಸ್ಟರುಗಳು, ಉಪದೇಶಿಗಳು ಹೀಗೆ ಮಾಡುವುದು ಹೊಸತಲ್ಲ. ಸಭೆಯ ಕಟ್ಟಳೆಯೂ ಸಾವಿನ ಅಂಚಿನಲ್ಲಿರುವ ಶಿಶುವಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂದೇ ಹೇಳುತ್ತದೆ. ಗುರುಗಳೇ ಬೇಕೆಂದಿಲ್ಲ, ನೀರು, ಆ ಮಾತು, ಮನಸ್ಸು ಇದ್ದರೆ ಸಾಕು. "ನನ್ನ ಕೂಸುಗಳು ಸ್ವರ್ಗದಲ್ಲಿ ಸಾಲಾಗಿ ನಿಂತಿರ್ತವೆ, ನಾನು ಹೋದಾಗ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗ್ತವೆ" ಎಂದು ಅವ್ವ ಹೇಳುವಾಗ ಅವಳ ಕಣ್ಣು ಒದ್ದೆಯಾಗುತ್ತಿತ್ತು. ಜ್ಞಾನಸ್ನಾನವಿಲ್ಲದೆ ಸತ್ತ ಕೂಸುಗಳು ಸ್ವರ್ಗದ ಹೊರಗೇ ಎಲ್ಲೋ ಉಳಿದುಬಿಡುತ್ತವೆ ಎಂಬ ಭಯದಲ್ಲಿ ಬೆಳೆದ ಹೆಂಗಸು ಅವಳು. ಅವಳು ಮಾಡಿದ್ದು ಪ್ರೀತಿಯಿಂದಲೇ.

ನನ್ನ ಪಕ್ಕದಲ್ಲೇ ನೀರಿನ ಲೋಟ ಇತ್ತು. ಎತ್ತಿಕೊಂಡೆ. ಮಾತು ನಾಲಿಗೆಯ ತುದಿಯಲ್ಲಿತ್ತು. ಯಾರೂ ನೋಡುತ್ತಿರಲಿಲ್ಲ. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದೇ ನನ್ನ ಕೈ ಹಿಡಿಯಿತು. ಈ ಕೂಸನ್ನು ನನಗೆ ಕೊಟ್ಟು ಹೋದವರು ತಮ್ಮ ಗುರುವನ್ನು ಕರೆಯಲು ಮಳೆಯಲ್ಲಿ ಓಡಿದ್ದಾರೆ. ಊರನ್ನೂ, ಮಡಿಯನ್ನೂ ಮರೆತು ನನ್ನ ಮಡಿಲನ್ನು ನಂಬಿದ್ದಾರೆ. ಅವರು ಬೆನ್ನು ತಿರುಗಿಸಿದ ಹೊತ್ತಿನಲ್ಲಿ ಕೂಸನ್ನು ನನ್ನದು ಮಾಡಿಕೊಂಡರೆ ಅದು ಕೊಟ್ಟದ್ದೋ, ಕದ್ದದ್ದೋ? ಇತ್ತ ಕೂಸಿನ ಆತ್ಮ. ಅತ್ತ ಆ ತಾಯಿಯ ನಂಬಿಕೆ. ಲೋಟ ಹಿಡಿದ ಕೈ ನಡುಗುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಕೊನೆಗೆ ಲೋಟವನ್ನು ಕೆಳಗಿಟ್ಟೆ.

ಅಯ್ಯನವರು ಬಂದರು. ಕೂಸಿನ ಹಣೆಗೆ ವಿಭೂತಿ ಇಟ್ಟು, ಮಂತ್ರ ಹೇಳಿ, ಬೆರಳ ತುದಿಯಿಂದ ಪಾದೋದಕವನ್ನು ಅದರ ತುಟಿಯ ಮೇಲೆ ಎರಡು ಹನಿ ಬಿಟ್ಟರು. ಕೂಸು ನಾಲಿಗೆ ಹೊರಗೆ ಹಾಕಿ ಆ ಹನಿಯನ್ನು ನೆಕ್ಕಿತು. ಇನ್ನೂ ಬೇಕೆಂಬಂತೆ ನಾಲಿಗೆಯನ್ನು ಮತ್ತೊಮ್ಮೆ ಆಡಿಸಿತು. ಬೆಳಗಿನ ಜಾವ ಗಾಡಿ ಬರುವ ಮೊದಲೇ ಹೋಗಿಬಿಟ್ಟಿತು.

ಆ ಕ್ರಿಸ್ಮಸ್ಸಿಗೆ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಗೋದಲಿಗೆ ಹುಲ್ಲು ಹೊದಿಸುತ್ತಿದ್ದ ಅವಳ ಕೈ ನಿಂತುಹೋಯಿತು. "ಒಂದು ಲೋಟ ನೀರಿಗೆ ಬಡತನ ಬಂತೇನೇ ನಿನಗೆ?" ಎಂದಳು. ಮತ್ತೆ ಮಾತಾಡಲಿಲ್ಲ. ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸುವ ಕೆಲಸ ಪ್ರತಿವರ್ಷ ನನ್ನದು. ಆ ವರ್ಷ ಅವಳೇ ಮಲಗಿಸಿದಳು.

ಪಾಪನಿವೇದನೆಯಲ್ಲಿ ಹೇಳಿಕೊಂಡೆ. ವಯಸ್ಸಾದ ಗುರುಗಳು. ಬಹಳ ಹೊತ್ತು ಸುಮ್ಮನಿದ್ದು, "ಕೂಸನ್ನು ನಿನ್ನ ಕೈಗೆ ಕೊಟ್ಟವರಿಗೆ ನೀನು ಮೋಸ ಮಾಡಲಿಲ್ಲ. ಉಳಿದದ್ದನ್ನು ಆ ಕೂಸನ್ನು ಸೃಷ್ಟಿಸಿದವನಿಗೆ ಬಿಡು. ನಿನಗಿಂತ ಅವನಿಗೆ ಅದರ ಮೇಲೆ ಪ್ರೀತಿ ಕಡಿಮೆಯೇ?" ಎಂದರು. ಸಮಾಧಾನವಾಯಿತು. ಆದರೆ ಪೂರ್ತಿ ಆಗಲಿಲ್ಲ. ಏನೋ ಒಂದು ಉಳಿದೇ ಇತ್ತು. ಅದು ಏನೆಂದು ಮಾರನೆಯ ಬೇಸಿಗೆಯಲ್ಲಿ ತಿಳಿಯಿತು.

ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮ ಶಾಲೆಗೆ ಬಂದು ತಾಯಂದಿರನ್ನು ಸೇರಿಸಿ ಒಂದು ಪಾಠ ಮಾಡಿದರು. ಒಂದು ಲೀಟರ್ ಕುದಿಸಿ ಆರಿಸಿದ ನೀರು. ಅದಕ್ಕೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಅಂಚಿಗೆ ಸಮ ಮಾಡಿ. ಭೇದಿಯಾಗುವ ಮಗುವಿಗೆ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಲೇ ಇರಬೇಕು, ತಾಯಿಯ ಹಾಲನ್ನೂ ನಿಲ್ಲಿಸಬಾರದು. "ಭೇದಿಯಿಂದ ಕೂಸು ಸಾಯೋದಿಲ್ಲ, ಮೈಯಲ್ಲಿ ನೀರು ಬತ್ತಿ ಸಾಯುತ್ತೆ" ಎಂದರು ನರ್ಸಮ್ಮ. ಕಣ್ಣು ಗುಳಿ ಬೀಳುವುದು, ನೆತ್ತಿ ಇಳಿಯುವುದು, ತುಟಿ ಒಣಗುವುದು, ಎಲ್ಲವನ್ನೂ ಒಂದೊಂದಾಗಿ ಬೆರಳು ಮಡಿಸಿ ಹೇಳಿದರು.

ನಾನು ಎದ್ದು ಹೊರಗೆ ಹೋದೆ. ಶಾಲೆಯ ಹಿಂದಿನ ಹೊಂಗೆ ಮರದ ಕೆಳಗೆ ನಿಂತು ಅತ್ತೆ. ಆ ರಾತ್ರಿ ನೀರಿನ ಲೋಟ ನನ್ನ ಕೈಯಲ್ಲಿತ್ತು. ಹಣೆಗೆ ಹುಯ್ಯಲೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದೆ. ಬಾಯಿಗೆ ಬಿಡಬೇಕೆಂದು ಹೊಳೆಯಲೇ ಇಲ್ಲ. ಕೂಸು ನಾಲಿಗೆ ಆಡಿಸಿ ಕೇಳಿದ್ದು ನೀರನ್ನು. ಆ ಹೊತ್ತಿಗೆ ಕೊಟ್ಟಿದ್ದರೂ ಉಳಿಯುತ್ತಿತ್ತೆಂದು ಹೇಳಲಾರೆ, ತಡವಾಗಿತ್ತು. ಆದರೆ ಎರಡು ದಿನ ಮೊದಲು, ಎಲ್ಲರ ಜೊತೆ ಸೇರಿ "ಹೌದು, ನೀರು ಕೊಡಬೇಡಿ" ಎಂದವಳು ಓದಿದ ಹೆಂಗಸಾದ ನಾನೇ. ಚಿಕ್ಕವರಲ್ಲಿ ಒಬ್ಬರಿಗೆ ಒಂದು ಲೋಟ ತಣ್ಣೀರು ಕೊಟ್ಟವರಿಗೂ ಪ್ರತಿಫಲ ತಪ್ಪದೆಂದು ಪ್ರಭುಗಳು ಹೇಳಿದ್ದು ಮತ್ತಾಯನ ಶುಭಸಂದೇಶದಲ್ಲಿದೆ. ಎಷ್ಟು ಸಲ ಆ ಭಾಗ ಕೇಳಿದ್ದೆ! ಅಲ್ಲಿರುವ ನೀರು ಕುಡಿಯುವ ನೀರು ಎಂಬುದು ನನಗೆ ಅಂದು ಅರ್ಥವಾಯಿತು.

ಈ ಸಕ್ಕರೆ ಉಪ್ಪಿನ ನೀರಿನ ಕಥೆಯನ್ನು ಆಮೇಲೆ ಓದಿ ತಿಳಿದುಕೊಂಡೆ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತಂತೆ. ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಎಂಬ ವೈದ್ಯರು ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಅವರು 2022ರಲ್ಲಿ ತೀರಿಕೊಂಡ ಮೇಲೆ, ಮುಂದಿನ ವರ್ಷ ಸರ್ಕಾರ ಅವರಿಗೆ ಪದ್ಮವಿಭೂಷಣ ಕೊಟ್ಟಿತು.

ಆ ಬೇಸಿಗೆಯಿಂದ ನನಗೊಂದು ಹುಚ್ಚು ಹಿಡಿಯಿತೆಂದೇ ಊರಿನವರು ತಿಳಿದರು. ಶಾಲೆ ಬಿಟ್ಟ ಮೇಲೆ ಬೀದಿ ಬೀದಿ ತಿರುಗಿದೆ. ಚಮಚ ಇಲ್ಲದ ಮನೆಯಲ್ಲಿ ಮೂರು ಬೆರಳ ಚಿಟಿಕೆಯ ಉಪ್ಪು, ಒಂದು ಹಿಡಿ ಸಕ್ಕರೆ ಎಂದು ಅಳತೆ ತೋರಿಸಲು ನರ್ಸಮ್ಮನ ಹತ್ತಿರ ಕಲಿತೆ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಿ ಎಂದು ಹೇಳುತ್ತಿದ್ದೆ. ಐದನೇ ಕ್ಲಾಸಿನ ಹುಡುಗಿಯರಿಗೆ ಮಗ್ಗಿಯ ಜೊತೆಗೆ ಇದನ್ನೂ ಬಾಯಿಪಾಠ ಮಾಡಿಸಿದೆ. ತಮ್ಮ ತಂಗಿಯರನ್ನು ಕಂಕುಳಲ್ಲಿ ಹೊತ್ತು ತಿರುಗುವವರು ಅವರೇ ತಾನೆ. ಎಲ್ಲ ಕೇರಿಗೂ ಹೋದೆ. ಯಾರ ಮನೆಯಲ್ಲೂ ಯೇಸುವಿನ ಹೆಸರು ಹೇಳಲಿಲ್ಲ. ಕುತ್ತಿಗೆಯ ಸಣ್ಣ ಶಿಲುಬೆಯನ್ನು ಮುಚ್ಚಿಕೊಳ್ಳಲೂ ಇಲ್ಲ.

ದೊಡ್ಡವ್ವ ಇದನ್ನೆಲ್ಲ ನೋಡುತ್ತಿದ್ದರು. ಒಂದು ಬೆಳಿಗ್ಗೆ ಬಿಂದಿಗೆ ಇಟ್ಟು ನಿಂತಿದ್ದೆ. ಅವರು ಕೊಡ ಎತ್ತಲಿಲ್ಲ. "ಹಗ್ಗ ಅಲ್ಲೇ ಇದ್ದದಲ್ಲ, ಸೇದ್ಕ ಹೋಗು" ಎಂದು ಒಳಗೆ ಹೋದರು. ಬಿಂದಿಗೆ ತುಂಬ ನೀರು ತುಂಬಿಕೊಂಡು ಬಂದೆ. ಅಂದು ಸೀರೆಯ ಅಂಚು ಒಣಗೇ ಇತ್ತು. ಆ ವಿಷಯ ನಾವಿಬ್ಬರೂ ಎಂದೂ ಮಾತಾಡಲಿಲ್ಲ.

ನಮ್ಮ ಮೈಸೂರು ಸೀಮೆಗೆ ಶ್ರೀರಂಗಪಟ್ಟಣ ಬಿದ್ದ ಮೇಲೆ, ಅಂದರೆ 1799ರ ನಂತರ ಬಂದ ಅಬ್ಬೆ ದುಬಾ ಎಂಬ ಫ್ರೆಂಚ್ ಗುರುಗಳ ವಿಚಾರ ನಿಮಗೆ ತಿಳಿದಿರಬಹುದು. ಇಲ್ಲಿನ ಉಡುಪು ತೊಟ್ಟು, ಇಲ್ಲಿನ ಊಟ ಉಂಡು, ಜನರ ನಡುವೆ ಬಾಳಿದವರು. 1823ರಲ್ಲಿ ತಮ್ಮ ದೇಶಕ್ಕೆ ಹಿಂತಿರುಗುವಾಗ ಮತಕ್ಕೆ ಬಂದವರ ಲೆಕ್ಕ ನೋಡಿ ಅವರಿಗೆ ನಿರಾಸೆಯಾಗಿತ್ತು. ಈ ದೇಶದಲ್ಲಿ ಆ ಕೆಲಸ ಫಲಿಸುವುದಿಲ್ಲವೆಂದೇ ಬರೆದರು. ಆದರೆ ಅದೇ ಗುರುಗಳು ಸಿಡುಬಿನ ಕಾಲದಲ್ಲಿ ಊರೂರು ತಿರುಗಿ ಸಾವಿರಾರು ಜನಕ್ಕೆ ದೇವಿ ಹಾಕಿಸಿದ್ದರು. ಅದರಿಂದ ಬದುಕಿಕೊಂಡ ಕೂಸುಗಳು ಯಾವ ಗುಡಿಗೆ ಹೋದವೋ, ಯಾವ ಮಸೀದಿಗೆ ಹೋದವೋ. ಅವನ್ನು ಅವರು ತಮ್ಮ ನಿರಾಸೆಯ ಲೆಕ್ಕದಲ್ಲಿ ಸೇರಿಸಿಕೊಂಡರೋ ಇಲ್ಲವೋ ಎಂದು ನಾನು ಆಗಾಗ ಯೋಚಿಸುತ್ತೇನೆ.

1998ರಲ್ಲಿ ನನಗೆ ನಗರಕ್ಕೆ ವರ್ಗವಾಯಿತು. 2007ರಲ್ಲಿ ರೋಮಿನಿಂದ ಒಂದು ಸುದ್ದಿ ಬಂತು. ಜ್ಞಾನಸ್ನಾನವಿಲ್ಲದೆ ಸಾಯುವ ಶಿಶುಗಳೂ ದೇವರ ಕರುಣೆಯಿಂದ ಸ್ವರ್ಗ ಸೇರುವರೆಂದು ಭರವಸೆ ಇಡಲು ಬಲವಾದ ಕಾರಣಗಳಿವೆ ಎಂದು ಸಭೆಯ ದೈವಶಾಸ್ತ್ರಜ್ಞರ ಆಯೋಗ ಹೇಳಿತ್ತು. ಅವ್ವ ಆಗ ಹಾಸಿಗೆ ಹಿಡಿದಿದ್ದಳು. ಓದಿ ಹೇಳಿದೆ. ಕಣ್ಣು ಮುಚ್ಚಿಯೇ ಕೇಳಿಸಿಕೊಂಡಳು. "ಹಂಗಾದ್ರೆ ನಿನ್ನ ಕೂಸೂ ಅಲ್ಲೇ ಇರ್ತದೆ. ನಾನು ಹೋದಾಗ ನೋಡ್ತೀನಿ ಬಿಡು" ಎಂದು ನನ್ನ ಕೈ ಸವರಿದಳು. ಹತ್ತೊಂಬತ್ತು ವರ್ಷದ ಮುನಿಸು ಅಲ್ಲಿಗೆ ಮುಗಿಯಿತು.

ದೊಡ್ಡವ್ವನಿಗೆ ಹೇಳಿದ್ದು ಅದಾದ ಎರಡು ವರ್ಷಕ್ಕೆ. ಅವರಿಗೆ ಕಾಹಿಲೆ ಎಂದು ತಿಳಿದು ಹರದನಹಳ್ಳಿಗೆ ಹೋಗಿದ್ದೆ. ಮನೆಯವರೆಲ್ಲ ಹೊಲದ ಕಡೆ ಇದ್ದರು. ಅವರ ಪಕ್ಕದಲ್ಲಿ ಕೂತು, ಹೇಗೋ ಧೈರ್ಯ ಮಾಡಿ, ಆ ರಾತ್ರಿ ಲೋಟ ಎತ್ತಿದ್ದನ್ನೂ, ಏಕೆ ಎತ್ತಿದೆ ಎಂಬುದನ್ನೂ, ಇಳಿಸಿದ್ದನ್ನೂ ಹೇಳಿದೆ. ಬಾಯಿಗೆ ನೀರು ಬಿಡಬೇಕೆಂದು ಹೊಳೆಯಲಿಲ್ಲ ಎಂಬುದನ್ನೂ ಹೇಳಿದೆ.

ಅವರಿಗೆ ಕೋಪ ಬಂದೀತೆಂದು ಹೆದರಿದ್ದೆ. ಅವರು ಸೂರನ್ನೇ ನೋಡುತ್ತ, "ನಾನೂ ಕೊಡಲಿಲ್ವಲ್ಲವ್ವ. ಬಾವೀಲಿ ಅಷ್ಟು ನೀರಿತ್ತು" ಎಂದರು. ಇಬ್ಬರೂ ಬಹಳ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವರೇ ಕೇಳಿದರು: "ಅವತ್ತು ನಾ ಅಯ್ನೋರ ಜೊತೆ ಬಾಗ್ಲಿಗೆ ಬಂದಾಗ ನೀ ಯಾನೋ ಹೇಳ್ಕತಿದ್ದೆ. ಕೂಸಿನ ಕಿವಿ ಹತ್ರ. ಯಾನದು?"

ನನಗೆ ನೆನಪೇ ಇರಲಿಲ್ಲ. ಯೋಚಿಸಿದರೆ, ಅದು ನಮೋ ಮರಿಯ ಜಪವೇ ಇರಬೇಕು. ಲೋಟ ಕೆಳಗಿಟ್ಟ ಮೇಲೆ ಬೇರೇನೂ ತೋಚದೆ, ಚಿಕ್ಕಂದಿನಿಂದ ಬಂದ ರೂಢಿಯಲ್ಲಿ, ನನಗೇ ತಿಳಿಯದಂತೆ ಹೇಳುತ್ತಿದ್ದೆನೇನೋ.

"ನಮ್ಮ ತಾ‌ಯಿ ಮರಿಯಮ್ಮನ ಜಪ, ದೊಡ್ಡವ್ವ."

"ಅದ್ರಲ್ಲಿ ಯಾನಂತ ಕೇಳ್ತೀರಿ?"

ಹನ್ನೆರಡು ವರ್ಷ ಆ ಊರಿನಲ್ಲಿ, ಆಮೇಲೆ ಇಷ್ಟು ವರ್ಷ ನಗರದಲ್ಲಿ, ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ನನಗೆ ಗಂಟಲು ಕಟ್ಟಿತು. ಈಗಲೂ, ನಾವು ಸಾಯುವ ಹೊತ್ತಿನಲ್ಲೂ, ನಮ್ಮ ಪರವಾಗಿ ನಿನ್ನ ಮಗನ ಹತ್ತಿರ ಬೇಡಿಕೋ ತಾಯಿ ಎಂದು ಕೇಳುತ್ತೇವೆ ಎಂದೆ. ಆ ತಾಯಿ ಯಾರು, ಅವಳ ಮಗನನ್ನು ಏಕೆ ಕೊಂದರು, ಅವಳು ಶಿಲುಬೆಯ ಕೆಳಗೆ ಹೇಗೆ ನಿಂತಿದ್ದಳು ಎಂದು ಕೇಳಿದರು. ಕೇಳಿದಷ್ಟನ್ನೂ ಹೇಳಿದೆ.

"ಅವಳೂ ಕಣ್ಮುಂದೆ ಮಗನ ಕಳ್ಕಂಡೋಳಾ?" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಒಳ್ಳೇ ಮಾತು ಕನವ್ವ. ಸಾಯೋ ಹೊತ್ನಲ್ಲಿ ತಾಯಿ ಬೇಕು. ನಮ್ಮ ಕೂಸಿಗೆ ಎರಡೂ ಸಿಕ್ತು ಬುಡು, ಅಯ್ನೋರ ಮಂತ್ರ, ನಿನ್ನ ತಾಯಿ" ಎಂದರು.

ಕುಡಿಯಲು ನೀರು ಕೇಳಿದರು. ತಲೆ ಎತ್ತಿ ಹಿಡಿದು ನನ್ನ ಕೈಯಾರೆ ಕುಡಿಸಿದೆ.

ಅದಾಗಿ ತಿಂಗಳಿಗೆ ದೊಡ್ಡವ್ವ ಹೋದರು. ಮಣ್ಣಿಗೆ ನಾನೂ ಹೋಗಿದ್ದೆ. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿ ಹಚ್ಚಿ, ಅವರ ಪದ್ಧತಿಯಂತೆ ಕೂರಿಸಿ ಸಮಾಧಿ ಮಾಡಿದರು. ಜೀವನವೆಲ್ಲ ಯಾವ ಲಿಂಗವನ್ನು ನೋಡುತ್ತ ಕೂತಿದ್ದರೋ ಅದನ್ನೇ ಹಿಡಿದು ಹೋದರು. ನಾನು ಹೆಂಗಸರ ಹಿಂದೆ ನಿಂತು, ಸೆರಗಿನೊಳಗೆ ಜಪಸರ ಹಿಡಿದು, ಅವರು ಕೇಳಿದ್ದ ಆ ಜಪವನ್ನು ಅವರಿಗಾಗಿ ಹೇಳಿದೆ. ಪಕ್ಕದಲ್ಲಿದ್ದ ಅವರ ಮಗಳು, ಆ ಕೂಸಿನ ತಾಯಿ, ನೋಡಿದಳು. ಸರಿದು ನನಗೆ ಜಾಗ ಬಿಟ್ಟಳು.

ತೇರಿನ ದಿನ ಕೇಳಿದ ನನ್ನ ಶಿಷ್ಯನಿಗೂ, ಪ್ರಸಂಗದಲ್ಲಿ ಕೇಳಿದ ಗುರುಗಳಿಗೂ ಹೇಳಬೇಕಾದ ಲೆಕ್ಕ ಇಷ್ಟೇ. ಸೇರಿಸಿದವರು ಯಾರೂ ಇಲ್ಲ. ಹೇಳಿದ್ದು ಒಬ್ಬರಿಗೆ, ಅದೂ ಅವರು ಕೇಳಿದ ಮೇಲೆ. ಗುರುಗಳು ಮತ್ತೊಮ್ಮೆ ಬಂದಾಗ ಇದನ್ನು ಹೇಳಬೇಕೆಂದುಕೊಂಡಿದ್ದೇನೆ. ಶಿಷ್ಯ ಹೋದ ವರ್ಷ ಸಿಕ್ಕಿದ್ದ. ತಮ್ಮನಿಗೆ ಮಗು ಹುಟ್ಟಿದೆಯಂತೆ, ಬೇಸಿಗೆಯಲ್ಲಿ ಭೇದಿಯಾಗಿತ್ತಂತೆ. "ಏನು ಮಾಡಿದ್ರಿ?" ಎಂದು ಗಾಬರಿಯಿಂದ ಕೇಳಿದೆ.

"ಇನ್ನೇನ್ ಮಾಡೋದು ಟೀಚರ್, ಒಂದು ಲೀಟರ್ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಆಮೇಲೆ ಆಸ್ಪತ್ರೆ" ಎಂದ. ಮಗ್ಗಿ ಒಪ್ಪಿಸುವಾಗ ನಿಲ್ಲುತ್ತಿದ್ದಂತೆಯೇ ಕೈಕಟ್ಟಿ ನಿಂತು, ಒಂದೂ ತಪ್ಪಿಲ್ಲದೆ ಹೇಳಿದ.